ತ್ಬಿಲಿಸಿಗೆ ಹೋದ ಬಲಗಾಲಿನ ಚಪ್ಪಲಿ

ಜಾರ್ಜಿಯಾದಲ್ಲಿ ಏನೇನು ನೋಡಿ ಬಂದಿರಿ ಎಂದು ನಮ್ಮ ಬಿಲ್ಡಿಂಗಿನ ಹೆಂಗಸರು ಲಿಫ್ಟಿನಲ್ಲಿ ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತದೆ. ಅಲ್ಲಿ ಹಿಮದ ಬೆಟ್ಟಗಳಿವೆಯಂತೆ, ಹಳೆಯ ಇಗರ್ಜಿಗಳಿವೆಯಂತೆ, ಮೈಲುಗಟ್ಟಲೆ ದ್ರಾಕ್ಷಿ ತೋಟಗಳಿವೆಯಂತೆ. ಇರಬಹುದು. ಐದು ವಾರದಲ್ಲಿ ನಾನು ನೋಡಿದ್ದು ಒಂದು ಪ್ರಯೋಗಾಲಯದ ಕಾರಿಡಾರು, ಅಂಗೈಯಗಲದ ಗಾಜಿನ ತಟ್ಟೆಗಳು, ಮತ್ತು ನನ್ನ ಗಂಡನ ಗಂಟು ಮೋರೆ. ಇಷ್ಟು ಹೇಳಿದರೆ ಲಿಫ್ಟಿನಲ್ಲಿ ಯಾರಿಗೂ ಸಮಾಧಾನವಿಲ್ಲ. ಅದಕ್ಕೇ ಒಮ್ಮೆ ಪೂರ್ತಿ ಬರೆದು ಕೈ ತೊಳೆದುಕೊಳ್ಳುತ್ತೇನೆ.

ಬಾಂದ್ರಾ

ಹೋದ ಮಳೆಗಾಲದಲ್ಲಿ ಮುಂಬಯಿಯ ದಹಿಸರ್‌ನ ನಾಲಾ, ಅಂದರೆ ದೊಡ್ಡ ಗಟಾರ, ತುಂಬಿ, ನಮ್ಮ ಅಂಗಡಿಯ ಓಣಿಯಲ್ಲಿ ಮೊಣಕಾಲವರೆಗೆ ನೀರು ನಿಂತಿತ್ತು. ಮನೆಯಲ್ಲಿ ಕೂಡ್ರಿ ಎಂದರೆ ಇವರು ಕೇಳಬೇಕಲ್ಲ. ಇವರದು ಬ್ಲೌಸ್ ಪೀಸು, ಲೈನಿಂಗ್ ಬಟ್ಟೆಯ ಅಂಗಡಿ. ಕೆಳಗಿನ ಸಾಲಿನ ಬಟ್ಟೆ ತೊಯ್ಯುತ್ತದೆ ಎಂದು ಓಡಿದರು. ನಾಲಾದ ಮೇಲೆ ಹೊದಿಸಿದ ಕಲ್ಲು ಜರುಗಿದ್ದು ನೀರಿನಡಿ ಕಾಣಲಿಲ್ಲ. ಎಡಗಾಲು ಒಳಗೆ ಹೋಯಿತು. ಕಣಕಾಲಿನ ಮೂಳೆ ಮುರಿದು, ಚರ್ಮ ಸೀಳಿತು.

ಮೂಳೆಗೆ ಲೋಹದ ಪಟ್ಟಿ ಕೂರಿಸಿದರು, ಹೊಲಿಗೆ ಹಾಕಿದರು, ಗಾಯ ಮುಚ್ಚಿತು. ತಿಂಗಳಾದ ಮೇಲೆ ಅದೇ ಜಾಗದಲ್ಲಿ ಒಂದು ಸಣ್ಣ ತೂತು ಬಿದ್ದು ಹಸಿರು ಕೀವು ಸೋರತೊಡಗಿತು. ಮತ್ತೆ ಮುಚ್ಚಿತು, ಮತ್ತೆ ಸೋರಿತು. ಒಂಬತ್ತು ತಿಂಗಳು ಇದೇ ಗೋಳು. ಕಡೆಗೆ ಬಾಂದ್ರಾದ ಮೂಳೆ ಡಾಕ್ಟರು ನನ್ನ ಮುಂದೆ ಒಂದು ರಿಪೋರ್ಟು ಇಟ್ಟರು. ಮೇಲೆ ಬ್ಯಾಕ್ಟೀರಿಯಾದ ಹೆಸರು, ಸ್ಯೂಡೊಮೊನಾಸ್. ಕೆಳಗೆ ಆ್ಯಂಟಿಬಯಾಟಿಕ್‌ಗಳ ಉದ್ದನೆಯ ಪಟ್ಟಿ. ಪ್ರತಿಯೊಂದರ ಮುಂದೆ ಇಂಗ್ಲಿಷಿನ ಆರ್ ಅಕ್ಷರ. ಈ ಔಷಧಕ್ಕೆ ಇದು ಬಗ್ಗುವುದಿಲ್ಲ ಎಂದು ಅರ್ಥ. ನಾನು ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಎಲ್ಲ ವಿಷಯದಲ್ಲೂ ಕೆಂಪು ಗೆರೆ ಬಿದ್ದ ಪ್ರಗತಿಪತ್ರಗಳನ್ನು ಬೇಕಾದಷ್ಟು ನೋಡಿದ್ದೇನೆ, ಆದರೆ ಇಂಥದ್ದನ್ನು ನೋಡಿರಲಿಲ್ಲ.

"ಎರಡು ತಿಂಗಳು ಕಾಯುತ್ತೇನೆ. ಅಷ್ಟರಲ್ಲಿ ಸೋಂಕು ಇಳಿಯದಿದ್ದರೆ ಮೊಣಕಾಲಿನ ಕೆಳಗೆ ಕಾಲು ತೆಗೆಯಬೇಕು. ಇಲ್ಲದಿದ್ದರೆ ರಕ್ತಕ್ಕೆ ಹೋಗುತ್ತದೆ," ಎಂದರು ಡಾಕ್ಟರು.

ಇವರು ನನ್ನ ಕಡೆ ತಿರುಗಿದರು. "ಸುಧಾ, ಮತ್ತ ನಿಚ್ಚಣಿಕಿ ಯಾರು ಹತ್ತತಾರ?"

ಅಂಗಡಿಯ ಕಪಾಟುಗಳು ಚಾವಣಿಯವರೆಗೆ ಇವೆ. ಬೇಕಾದ ಬಣ್ಣ ಎಲ್ಲಿದೆ ಎಂದು ಇವರೊಬ್ಬರಿಗೇ ಗೊತ್ತು, ಬೇರೆ ಯಾರನ್ನೂ ನಿಚ್ಚಣಿಕೆ ಹತ್ತಗೊಡುವವರಲ್ಲ. ಕಾಲು ಹೋಗುತ್ತದೆ ಎಂದು ಡಾಕ್ಟರು ಹೇಳುತ್ತಿದ್ದರೆ ಇವರಿಗೆ ನಿಚ್ಚಣಿಕೆಯ ಚಿಂತೆ. ನನಗೆ ಅಳಬೇಕೋ ಇವರ ತಲೆಗೆ ಮೊಟಕಬೇಕೋ ತಿಳಿಯಲಿಲ್ಲ.

ಗೋರೆಗಾಂವ್

ಮರಳಿ ಬರುವಾಗ ಗೋರೆಗಾಂವ್‌ನಲ್ಲಿ ಇಳಿದೆವು. ಸ್ಟೇಷನ್ ಹತ್ತಿರ ಉಡುಪಿಯ ಶೆಟ್ಟರೊಬ್ಬರ ಹೋಟೆಲಿದೆ, ಇವರ ಹಳೆಯ ಸ್ನೇಹಿತರು. ಸುದ್ದಿ ಕೇಳಿ ಶೆಟ್ಟರು ಗಲ್ಲಾ ಬಿಟ್ಟು ಎದ್ದು ಬಂದರು.

"ಎಂತ ಮಾರಾಯ್ರೆ, ಕಾಲು ಕಡಿಸುವ ಮೊದಲು ನನ್ನ ಮಗಳತ್ರ ಒಮ್ಮೆ ಮಾತಾಡಿ. ಅವಳು ಡಾಕ್ಟ್ರಿಕೆ ಓದುವುದು ಜಾರ್ಜಿಯಾದಲ್ಲಿ ಅಲ್ವಾ, ಅಲ್ಲಿ ಇದಕ್ಕೆ ಬೇರೆಯೇ ಮದ್ದುಂಟಂತೆ."

ಮಗಳು ಪ್ರಜ್ಞಾ ರಜೆಗೆ ಬಂದಿದ್ದಳು. ನಮ್ಮ ಟೇಬಲ್ಲಿಗೆ ಬಂದು ಕೂತು, ಕನ್ನಡದಲ್ಲಿ ಶುರುಮಾಡಿ ಅರ್ಧಕ್ಕೇ ಸೋತಳು. "ಆಂಟಿ, ನಂಗೆ ಕನ್ನಡ ಅರ್ಥ ಆಗ್ತದೆ, ಬೋಲ್ನೆ ಮೇ ಥೋಡಾ ಪ್ರಾಬ್ಲೆಮ್. ನಾನು ಡ್ರಾ ಮಾಡಿ ತೋರಿಸ್ತೇನೆ." ಕೈ ಒರೆಸುವ ಕಾಗದದ ಮೇಲೆ ಪೆನ್ನಿನಿಂದ ಗೀಚಿದಳು. ಮೇಲೆ ಹರಳಿನ ಹಾಗೆ ಮುಖ ಮುಖ ಕಡಿದ ತಲೆ. ಅದರ ಕೆಳಗೆ ಸಣ್ಣ ಕುತ್ತಿಗೆ, ಉದ್ದ ಕೊಳವೆಯಂಥ ಬಾಲ. ಬಾಲದ ತುದಿಗೆ ಒಂದು ಪೀಠ, ಆ ಪೀಠದಿಂದ ಜೇಡನ ಕಾಲಿನಂತೆ ಮಡಿಸಿದ ಎಳೆಗಳು.

ನಾನು ದೋಸೆ ಬಿಟ್ಟು ಆ ಕಾಗದ ನೋಡುತ್ತ ಕೂತೆ. ಈ ಚಿತ್ರ ನನ್ನದೇ. ಬ್ಯಾಕ್ಟೀರಿಯೊಫೇಜ್, ಅಂದರೆ ಬ್ಯಾಕ್ಟೀರಿಯಾಕ್ಕೇ ಅಂಟುವ ವೈರಸ್. ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದು, ಮಕ್ಕಳಿಂದ ಬರೆಸಿ, ಭಾಗಗಳನ್ನು ಗುರುತಿಸದವರಿಗೆ ಅಂಕ ಕತ್ತರಿಸಿದ್ದೇನೆ. ತಲೆಯೊಳಗೆ ಡಿಎನ್ಎ ಎಂಬ ನೂಲು ಸುತ್ತಿಟ್ಟಿರುತ್ತದೆ. ಎಳೆಗಳಿಂದ ಬ್ಯಾಕ್ಟೀರಿಯಾದ ಮೈಗೆ ಅಂಟಿ, ಬಾಲ ಕುಗ್ಗಿಸಿ, ಆ ನೂಲನ್ನು ಸೂಜಿ ಚುಚ್ಚಿದ ಹಾಗೆ ಒಳಗೆ ಬಿಡುತ್ತದೆ. ಖಾಲಿ ತಲೆ ಹೊರಗೇ ಉಳಿಯುತ್ತದೆ. ಒಳಗೆ ಹೋದ ನೂಲು ಬ್ಯಾಕ್ಟೀರಿಯಾದ ಕೈಯಿಂದಲೇ ಹೊಸ ತಲೆ, ಹೊಸ ಬಾಲ ಮಾಡಿಸುತ್ತದೆ. ಅವೆಲ್ಲ ಜೋಡಣೆಯಾದ ಮೇಲೆ ಬ್ಯಾಕ್ಟೀರಿಯಾ ಒಡೆದು, ಒಂದು ಹೋದಲ್ಲಿ ನೂರು ಹೊರಗೆ ಬೀಳುತ್ತವೆ. ಅರ್ಧ ತಾಸೋ ಮುಕ್ಕಾಲು ತಾಸೋ, ಅಷ್ಟೇ. ಇಷ್ಟೆಲ್ಲ ಬಾಯಿಪಾಠ ಇದ್ದವಳಿಗೆ ಇದನ್ನು ಔಷಧ ಮಾಡಬಹುದು ಎಂದು ಒಂದು ದಿನವೂ ಹೊಳೆಯಲಿಲ್ಲ. ನನ್ನ ಮೇಲೆ ನನಗೇ ಎಂಥ ಸಿಟ್ಟು ಬಂತು ಅಂತೀರಿ!

ದಹಿಸರ್

ಇವರ ಕೀವಿನ ಮಾದರಿ ನಮಗಿಂತ ಮೊದಲೇ ಜಾರ್ಜಿಯಾದ ರಾಜಧಾನಿ ತ್ಬಿಲಿಸಿಯ ಪ್ರಯೋಗಾಲಯಕ್ಕೆ ಹೋಯಿತು. ಪ್ರಜ್ಞಾಳ ರಜೆ ಮುಗಿದಿರಲಿಲ್ಲ, ಅವಳಿಗಾಗಿ ಕಾಯುವ ಹಾಗಿರಲಿಲ್ಲ. ಮನೆ ನೋಡಿಕೊಳ್ಳಲು ಇವರ ಅಕ್ಕ ಕಮಲಕ್ಕ ಇದ್ದರು. ನಮ್ಮ ಜೊತೆಗೇ ಇರುವ ಅವರಿಗೆ ಸ್ವಚ್ಛತೆಯ ಹುಚ್ಚು. ನಲ್ಲಿಯನ್ನು ತೊಳೆದು ನಲ್ಲಿ ಬಿಡುವವರು.

ಜಗಳವಾದದ್ದು ಚಪ್ಪಲಿಯ ಮೇಲೆ. ಇವರ ಕೊಲ್ಹಾಪುರಿ ಜೋಡಿನಲ್ಲಿ ಬಲಗಾಲಿನದೊಂದೇ ಈ ಒಂಬತ್ತು ತಿಂಗಳು ದುಡಿದಿತ್ತು. ಕಂಕುಳಲ್ಲಿ ಬಡಿಗೆ ಕೊಟ್ಟುಕೊಂಡು, ಒಂದು ಕಾಲಿಗೆ ಚಪ್ಪಲಿ, ಒಂದಕ್ಕೆ ಬ್ಯಾಂಡೇಜು, ಹೀಗೆ ನಾಲಾದ ಪಕ್ಕದ ಓಣಿಯಲ್ಲಿ ದಿನಾ ಅಂಗಡಿಗೆ ಹೋಗುತ್ತಿದ್ದರು. ಅದರ ಅಟ್ಟೆಯ ಹೊಲಿಗೆಯ ಸಂದಿಯಲ್ಲೆಲ್ಲ ಕಪ್ಪು ಕೆಸರು. ಎಡಗಾಲಿನದನ್ನು ಮಾತ್ರ ಪ್ರತಿ ರವಿವಾರ ತಾವೇ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿ, ಪೇಪರಿನಲ್ಲಿ ಸುತ್ತಿ ಇಡುತ್ತಿದ್ದರು. ಹೊರಡುವ ದಿನ ನಾನು ಬಲಗಾಲಿನದನ್ನು ಬಚ್ಚಲಿಗೆ ಒಯ್ದು ಬ್ರಶ್ ಎತ್ತಿಕೊಂಡೆ. ಕುಂಟುತ್ತ ಬಂದು ಕಸಿದುಕೊಂಡರು.

"ತೊಳೀಬ್ಯಾಡ! ತೊಗಲು ಬಿರುಸಾಗತದ, ಮತ್ತ ಕಾಲು ಕಚ್ಚತದ."

"ಇಷ್ಟು ಹೊಲಸು ಮೆಟ್ಟಿಕೊಂಡು ಪರದೇಶಕ್ಕ ಹೋಗ್ತೀರೇನ್ರಿ?"

"ಹೌದು. ಮತ್ತ ಎಡಗಾಲಿಂದೂ ಪೆಟಗಿಯೊಳಗ ಇಡು. ಬರೋ ಮುಂದ ಎರಡೂ ಮೆಟ್ಟಿಕೊಂಡು ಬರ್ತೀನಿ."

ಸೀರೆಗಳ ನಡುವೆ ಜಾಗ ಮಾಡಿ ಇಟ್ಟೆ.

ತ್ಬಿಲಿಸಿ, ಮೊದಲ ವಾರ

ಬಾಡಿಗೆ ಮನೆಯ ಒಡತಿ ಮನಾನಾ ಎಂಬ ದಪ್ಪ ಹೆಂಗಸು. ಬಾಗಿಲು ತೆಗೆದವಳೇ ಇವರ ಕಾಲು ನೋಡಿ ಕಣ್ಣರಳಿಸಿದಳು. ಅಲ್ಲಿ ಮನೆಗೆ ಬಂದವರಿಗೆಲ್ಲ ಒಳಗೆ ಹಾಕಿಕೊಳ್ಳಲು ಬಟ್ಟೆಯ ಚಪ್ಪಲಿ ಕೊಡುತ್ತಾರೆ. ಇವರಿಗೂ ಒಂದು ಜೊತೆ ಕೊಟ್ಟು, ನಮ್ಮ ಕೊಲ್ಹಾಪುರಿಯನ್ನು ಎರಡು ಬೆರಳಿನಲ್ಲಿ ಎತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಂಟು ಬಿಗಿದು ಬಾಲ್ಕನಿಯ ಮೂಲೆಯಲ್ಲಿ ಇಟ್ಟಳು. ಕೊಡುವಾಗ ಎರಡು ಚಪ್ಪಲಿ ಕೊಟ್ಟಳಲ್ಲ, ಇವರಿಗೆ ಅದೊಂದು ಸಂಕಟ. ಒಂದನ್ನು ಮಂಚದ ಕೆಳಗೆ ನೂಕಿ, ಉಳಿದೊಂದನ್ನೇ ಮೆಟ್ಟಿ ಒಳಗೂ ಹೊರಗೂ ಓಡಾಡಿದರು.

ಊರು ತಣ್ಣಗೆ, ಸಾವಕಾಶ. ಮೆಟ್ರೋದ ಮೆಟ್ಟಿಲು ಪಾತಾಳಕ್ಕೆ ಇಳಿಯುತ್ತದೆ, ಕೆಳಗೆ ಹೋದರೆ ನೂಕುವವರೇ ಇಲ್ಲ. ವಿರಾರ್ ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಬೆಳೆದ ನನ್ನ ಮೊಣಕೈಗಳಿಗೆ ಅಲ್ಲಿ ಕೆಲಸವೇ ಇರಲಿಲ್ಲ. ಬೀದಿ ನಾಯಿಗಳ ಕಿವಿಗೆ ಬಿಲ್ಲೆ ಹಚ್ಚಿದ್ದಾರೆ, ಅವೂ ಸಭ್ಯವಾಗಿ ರಸ್ತೆ ದಾಟುತ್ತವೆ. ಬಸ್ಸು ಇಗರ್ಜಿಯ ಮುಂದೆ ಹೋದರೆ ಒಳಗಿರುವವರೆಲ್ಲ ಮಾತು ನಿಲ್ಲಿಸಿ ಮೂರು ಸಲ ಎದೆ ಮುಟ್ಟಿಕೊಳ್ಳುತ್ತಾರೆ. ಬೀದಿಯ ನಲ್ಲಿಗೆ ಬಾಯಿ ಕೊಟ್ಟು ಹಾಗೇ ನೀರು ಕುಡಿಯುತ್ತಾರೆ. ಕುದಿಸದ ನೀರು ಕುಡಿಯಲು ನನಗೆ ಧೈರ್ಯ ಬರಲಿಲ್ಲ, ಮನಾನಾಳ ಗ್ಯಾಸಿನ ಮೇಲೆ ದಿನಾ ಕುದಿಸಿದೆ. ಅವಳು ನೋಡಿ ತಲೆ ಅಲ್ಲಾಡಿಸಿದಳು.

ಪ್ರಯೋಗಾಲಯದ ಡಾಕ್ಟರ್ ತಾಮರ್ ನನ್ನ ವಯಸ್ಸಿನವರು. ಮೊಣಕೈ ಸವೆದ ಸ್ವೆಟರು, ನಿಧಾನದ ಇಂಗ್ಲಿಷು. ಆರನೆಯ ದಿನ ನಮ್ಮನ್ನು ಕೂರಿಸಿ ಗಾಜಿನ ತಟ್ಟೆಗಳನ್ನು ತೋರಿಸಿದರು. ತಟ್ಟೆಯ ತುಂಬ ಇವರ ಕಾಲಿನ ಬ್ಯಾಕ್ಟೀರಿಯಾ ಮಂಜಿನ ಹಾಗೆ ಬೆಳೆದಿತ್ತು. ಅದರ ಮೇಲೆ ತಮ್ಮಲ್ಲಿರುವ ಫೇಜ್‌ಗಳನ್ನು ಒಂದೊಂದೇ ಹನಿ ಹಾಕಿದ್ದರಂತೆ. ಫೇಜ್ ತಿಂದಿದ್ದರೆ ಆ ಜಾಗ ತಿಳಿಯಾಗಬೇಕು. ಎಲ್ಲಿಯೂ ಆಗಿರಲಿಲ್ಲ.

"ನಮ್ಮ ಹತ್ತಿರ ಇರುವ ಯಾವುದೂ ಇದನ್ನು ಗುರುತಿಸುವುದಿಲ್ಲ," ಎಂದರು. "ಪ್ರತಿ ಫೇಜ್‌ಗೂ ತನ್ನದೇ ಬ್ಯಾಕ್ಟೀರಿಯಾ ಬೇಕು."

ನಾನು ಇವರಿಗೆ ತಿಳಿಸಿ ಹೇಳಿದೆ. ನೀವು ಕಣ್ಣು ಮುಚ್ಚಿ ಬಟ್ಟೆಯನ್ನು ಬೆರಳಿನಲ್ಲಿ ಮುಟ್ಟಿ ಇದು ಮಿಲ್ಲಿನದು, ಇದು ಮಗ್ಗದ್ದು ಅನ್ನುತ್ತೀರಲ್ಲ, ಫೇಜ್ ಕೂಡ ತನ್ನ ಬಾಲದ ಎಳೆಗಳಿಂದ ಹಾಗೇ ಮುಟ್ಟಿ ನೋಡುತ್ತದೆ. ತನ್ನದಲ್ಲದಿದ್ದರೆ ಬಿಟ್ಟು ಹೋಗುತ್ತದೆ.

"ಹಂಗಾರ ನಮ್ಮೂರ ಮಾಲು ಇವರಿಗೆ ತಿಳಿಯಂಗಿಲ್ಲ," ಎಂದರು ಇವರು. ಅದೊಂದರಲ್ಲಿ ಅವರಿಗೆ ತೃಪ್ತಿ.

ತಾಮರ್ ಅದನ್ನೇ ಬೇರೆ ಮಾತಿನಲ್ಲಿ ಹೇಳಿದರು. ಬ್ಯಾಕ್ಟೀರಿಯಾ ಎಲ್ಲಿಯದೋ ಅದನ್ನು ಕೊಲ್ಲುವ ಫೇಜ್ ಹೆಚ್ಚಾಗಿ ಅಲ್ಲೇ ಇರುತ್ತದೆ. ಗಟಾರ, ಕೊಳಚೆ, ಆಸ್ಪತ್ರೆಯ ಹಿಂದಿನ ಮೋರಿ. ಎಷ್ಟು ಹೊಲಸೋ ಅಷ್ಟು ಒಳ್ಳೆಯದು. ನಿಮ್ಮ ಓಣಿಯ ನೀರು ಒಂದು ಬಾಟಲಿ ತರಿಸಬಹುದೇ?

ಬಾಟಲಿ ಬಂದ ಮೇಲೆ

ಅದೇ ದಿನ ಕಮಲಕ್ಕನಿಗೆ ಫೋನು ಮಾಡಿದೆ. "ಅಕ್ಕಾರ, ಅಂಗಡಿ ಹಿಂದಿನ ನಾಲಾದ್ದು ಒಂದು ಬಾಟ್ಲಿ ನೀರು ತುಂಬಿ ಗೋರೆಗಾಂವ್‌ನ ಶೆಟ್ಟರ ಹೋಟೆಲಿಗೆ ಮುಟ್ಟಸ್ರಿ. ಪ್ರಜ್ಞಾ ತರತಾಳ." ಏಕೆ ಏನು ಎಂದು ಕೇಳದೆ ಒಪ್ಪಿಕೊಂಡರು. ಆಗಲೇ ನನಗೆ ಅನುಮಾನ ಬರಬೇಕಿತ್ತು. ಕಮಲಕ್ಕ ಪ್ರಶ್ನೆ ಕೇಳದೆ ಉಪ್ಪಿನ ಪುಡಿಕೆಯನ್ನೂ ತಂದವರಲ್ಲ.

ಹತ್ತು ದಿನಕ್ಕೆ ಪ್ರಜ್ಞಾ ಬಂದಳು. ಬಾಟಲಿಯ ನೀರು ತಿಳಿಯಾಗಿತ್ತು. ಕೆಸರು ತಳಕ್ಕೆ ಕೂತಿರಬೇಕು ಎಂದುಕೊಂಡೆ. ತಳದಲ್ಲೂ ಏನೂ ಕಾಣಲಿಲ್ಲ, ಆದರೂ ಹಾಗೇ ಅಂದುಕೊಂಡೆ. ಮನುಷ್ಯನಿಗೆ ಆಸೆ ಇದ್ದಾಗ ಕಣ್ಣು ಕೆಲಸ ಮಾಡುವುದಿಲ್ಲ. ಮೂರು ದಿನ ಬಿಟ್ಟು ತಾಮರ್ ತಟ್ಟೆ ತೋರಿಸಿದರು. ಮತ್ತೆ ಅದೇ ಮಂಜು.

"ಇದು ಕೊಳಚೆ ನೀರೇ?" ಎಂದು ಅವರು ಬಹಳ ಮರ್ಯಾದೆಯಿಂದ ಕೇಳಿದರು.

ಕಾರಿಡಾರಿಗೆ ಬಂದು ಫೋನು ಹಚ್ಚಿದೆ. "ಅಕ್ಕಾರ, ಆ ನೀರು ಎಲ್ಲಿಂದ ತುಂಬಿದ್ರಿ?"

"ಎಲ್ಲಿಂದ ಅಂದ್ರ? ರಿಕ್ಷಾ ಮಾಡಿಕೊಂಡು ಪಾರ್ಕಿನ ಕಡೆ ಹೋಗಿದ್ದೆ. ಅಲ್ಲಿ ಹೊಳಿ ಕಾಡಿನಿಂದ ಇಳೀತದಲ್ಲ, ಸ್ವಚ್ಛ ಇರತದ. ಬಾಟ್ಲಿ ಬಿಸಿನೀರಾಗ ತೊಳದು, ಬಿಳಿ ಅರಿವಿ ನಾಕು ಪದರ ಮಾಡಿ ಸೋಸಿ ಕೊಟ್ಟೀನಿ."

"ನಾನು ನಾಲಾದ್ದು ಅಂದಿದ್ದೆ!"

"ಹುಚ್ಚಿ ಏನ ನೀ? ಪರದೇಶದ ಡಾಕ್ಟರ ಮುಂದ ನಮ್ಮೂರ ಗಟಾರ ಇಡೋದೇನ? ನಮ್ಮ ಮಾನ ಏನಾಗಬೇಕು?"

ನಾನು ಏನೇನು ಅಂದೆನೋ ನೆನಪಿಲ್ಲ. ಕಾರಿಡಾರಿನಲ್ಲಿ ಹೋಗುತ್ತಿದ್ದ ಬಿಳಿ ಕೋಟಿನವರು ನಿಂತು ನೋಡಿದರು. ಎರಡು ತಿಂಗಳಲ್ಲಿ ಅರ್ಧ ಮುಗಿದಿತ್ತು. ಇನ್ನೊಂದು ಬಾಟಲಿ ತರುವವರು ಯಾರು, ಬರುವುದು ಯಾವಾಗ, ಆಮೇಲೆ ಫೇಜ್ ಸಿಕ್ಕು, ಬೆಳೆಸಿ, ಶುದ್ಧ ಮಾಡಿ, ಕಾಲಿಗೆ ಬಿಡುವುದು ಯಾವಾಗ? ಆ ಕಡೆ ಕಮಲಕ್ಕ ಅಳತೊಡಗಿದರು. ನಾನು ಫೋನು ಇಟ್ಟುಬಿಟ್ಟೆ.

ಬಾಲ್ಕನಿ

ಮನೆಗೆ ಬಂದರೆ ಇವರು ಪೆಟ್ಟಿಗೆ ತೆಗೆದುಕೊಂಡು ಕೂತಿದ್ದರು. ಎಡಗಾಲಿನ ಚಪ್ಪಲಿಯನ್ನು ಪೇಪರಿನಿಂದ ಬಿಡಿಸಿ ಮಂಚದ ಮೇಲೆ ಇಟ್ಟಿದ್ದರು. ಎಣ್ಣೆ ಹಚ್ಚಿದ ತೊಗಲು ಮಿರಿ ಮಿರಿ ಎನ್ನುತ್ತಿತ್ತು.

"ಸಾಕು ಸುಧಾ, ಮನಿಗೆ ಹೋಗೂಣು. ಡಾಕ್ಟರು ತಗೀಲಿ ಕಾಲು. ಇದನ್ನ ಇಲ್ಲೇ ಬಿಟ್ಟು ಹೋಗೂಣು. ಮನಾನಾ ಬಾಯಿಗೆ ಹೇಳು, ಇಲ್ಲಿ ಯಾರಿಗರ ಒಂದ ಕಾಲಿಗೆ ಬೇಕಾದ್ರ ಕೊಡ್ಲಿ."

ಮೂವತ್ತೈದು ವರ್ಷದ ಸಂಸಾರದಲ್ಲಿ ಇವರು ಒಂದನ್ನಾದರೂ ಬಿಟ್ಟುಕೊಟ್ಟದ್ದು ನಾನು ಕಂಡಿರಲಿಲ್ಲ. ಇವರ ಹಟಕ್ಕೆ ದಿನಾ ಹಣೆ ಚಚ್ಚಿಕೊಂಡವಳಿಗೆ, ಹಟ ಬಿಟ್ಟ ಇವರನ್ನು ನೋಡಲಾಗಲಿಲ್ಲ. ಅಳು ತೋರಿಸಬಾರದೆಂದು, "ಬಲಗಾಲಿಂದರ ತೊಳೀತೀನಿ," ಎಂದೆ.

"ಏನರ ಮಾಡು," ಎಂದರು.

ಬಾಲ್ಕನಿಗೆ ಹೋಗಿ ಮನಾನಾ ಕಟ್ಟಿದ ಚೀಲ ಬಿಚ್ಚಿದೆ. ಬಚ್ಚಲಿಗೆ ತಂದು ಬಕೆಟ್ಟಿಗೆ ಬಿಸಿನೀರು ಬಿಟ್ಟೆ, ಸೋಪು ಹಾಕಿದೆ, ಬ್ರಶ್ ಹಿಡಿದು ಚಪ್ಪಲಿ ಮಗುಚಿದೆ. ಆಗ ಮೂಗಿಗೆ ಬಡಿಯಿತು. ಕೊಳೆತ ತರಕಾರಿ, ಸೀಮೆಎಣ್ಣೆ, ಮೋರಿ, ಉಪ್ಪು ಎಲ್ಲ ಕೂಡಿದ ನಮ್ಮ ಓಣಿಯ ವಾಸನೆ. ಚೀಲದಲ್ಲಿ ಬೆವೆತು ಕೆಸರು ಇನ್ನೂ ಹಸಿಯಾಗಿಯೇ ಇತ್ತು. ಅದೇ ನಾಲಾ, ಇವರ ಕಾಲು ಮುರಿದ ಅದೇ ಜಾಗ, ಮೂರು ವಾರದಿಂದ ನಮ್ಮ ಬಾಲ್ಕನಿಯಲ್ಲೇ ಕೂತಿದೆ.

ಬ್ರಶ್ ಕೈಯಿಂದ ಬಿತ್ತು. ಇನ್ನೊಂದು ನಿಮಿಷ ತಡವಾಗಿದ್ದರೆ ನಾನೇ ತೊಳೆದುಬಿಡುತ್ತಿದ್ದೆ. ಕಮಲಕ್ಕನನ್ನು ಅಷ್ಟು ಬೈದು ಬಂದವಳು, ಅದನ್ನೇ ಮಾಡಲು ಸೋಪು ಹಿಡಿದು ನಿಂತಿದ್ದೆ. ಚಪ್ಪಲಿಯನ್ನು ಅದೇ ಚೀಲಕ್ಕೆ ಹಾಕಿಕೊಂಡು, ಕೊಡೆ ಮರೆತು, ಮನಾನಾ ಕೊಟ್ಟ ಬಟ್ಟೆಯ ಚಪ್ಪಲಿಯಲ್ಲೇ ಪ್ರಯೋಗಾಲಯಕ್ಕೆ ಓಡಿದೆ. ತಾಮರ್ ಹೊರಡಲು ಕೋಟು ಹಾಕಿಕೊಳ್ಳುತ್ತಿದ್ದರು. ಚೀಲ ಬಿಚ್ಚಿ ಮೂಸಿ ನೋಡಿದರು, ಕೋಟು ಬಿಚ್ಚಿ ಗೂಟಕ್ಕೆ ಹಾಕಿದರು.

ಗಾಜಿನ ತಟ್ಟೆ

ಅಟ್ಟೆಯ ಅಂಚಿನಿಂದ ಬ್ಲೇಡಿನಲ್ಲಿ ಕೆಸರು ಕೆರೆದು, ಇವರ ಬ್ಯಾಕ್ಟೀರಿಯಾ ಬೆಳೆಸಿದ ಸಾರಿನಲ್ಲಿ ಕಲಸಿ ಇಟ್ಟರು. ಕೆಸರಿನಲ್ಲಿ ಒಂದೇ ಒಂದು ತಕ್ಕ ಫೇಜ್ ಇದ್ದರೂ ಸಾಕು, ಆ ಸಾರಿನಲ್ಲಿ ಅದು ತನ್ನ ಸಂತಾನ ಮಾಡಿಕೊಳ್ಳುತ್ತದೆ. ಎರಡು ದಿನ ನಾನು ಇವರ ಮೇಲೆ ಸುಮ್ಮಸುಮ್ಮನೆ ರೇಗಿದೆ, ಇವರು ನನ್ನ ಮೇಲೆ ರೇಗಿದರು. ಮನಾನಾ ಚೀಸು ತುಂಬಿದ ರೊಟ್ಟಿ ತಂದಿಟ್ಟು ಹೋದಳು, ಇಬ್ಬರೂ ಮುಟ್ಟಲಿಲ್ಲ.

ಮೂರನೆಯ ದಿನ ತಾಮರ್ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮಂಜಿನ ತುಂಬ ತೂತುಗಳು, ಹಂಚಿನ ಮೇಲೆ ಸೆಟ್ ದೋಸೆಗೆ ಏಳುವ ಹಾಗೆ. ಒಂದೊಂದು ತೂತೂ ಒಂದೇ ಫೇಜ್‌ನಿಂದ ಶುರುವಾದದ್ದು. ಅದು ಪಕ್ಕದ ಬ್ಯಾಕ್ಟೀರಿಯಾ ಒಡೆದು, ಅದರಿಂದ ಬಂದವು ಅದರ ಪಕ್ಕದ್ದನ್ನು ಒಡೆದು, ಕಣ್ಣಿಗೆ ಕಾಣುವಷ್ಟು ಬಯಲಾಗಿತ್ತು.

ನನಗೆ ಕುಣಿಯುವಂತಾಗಿದ್ದರೆ ತಾಮರ್ ಇನ್ನೂ ಹುಬ್ಬು ಗಂಟಿಕ್ಕಿ ನೋಡುತ್ತಿದ್ದರು. ಕೆಲವು ತೂತು ಸ್ವಚ್ಛವಾಗಿದ್ದವು, ಕೆಲವು ಮಸುಕು. ಮಸುಕಾದವು ಬೇಡ ಎಂದರು. ಆ ಜಾತಿಯ ಫೇಜ್ ಒಳಗೆ ಹೋಗಿ ತಕ್ಷಣ ಒಡೆಯುವುದಿಲ್ಲ. ತನ್ನ ನೂಲನ್ನು ಬ್ಯಾಕ್ಟೀರಿಯಾದ ನೂಲಿಗೇ ಗಂಟು ಹಾಕಿ ಕೂತುಬಿಡುತ್ತದೆ. ಬ್ಯಾಕ್ಟೀರಿಯಾ ಎರಡಾದರೆ ಅದೂ ಎರಡಾಗುತ್ತದೆ, ಯಾವಾಗಲೋ ಮನಸ್ಸು ಬಂದಾಗ ಎದ್ದು ಕೆಲಸ ಮಾಡುತ್ತದೆ. ಒಮ್ಮೆ ಮುಂಗಡ ದುಡ್ಡು ಕೊಟ್ಟು ಕಾಯಂ ನೆಲೆಸುವ ನಮ್ಮ ಮುಂಬಯಿಯ ಪಗಡಿ ಬಾಡಿಗೆದಾರರ ಹಾಗೆ: ತಲೆಮಾರು ಕಳೆದರೂ ಎಬ್ಬಿಸಲಿಕ್ಕಾಗುವುದಿಲ್ಲ. ನಮಗೆ ಬೇಕಾದದ್ದು ಕಂಡೊಡನೆ ಒಡೆಯುವ ಜಾತಿ. ಸ್ವಚ್ಛವಾದ ತೂತುಗಳಿಂದ ಎರಡನ್ನು ಆರಿಸಿದರು.

ಅದನ್ನು ಬೆಳೆಸಿ, ಸೋಸಿ, ಸಣ್ಣ ಗಾಜಿನ ಕೊಳವೆಗಳಲ್ಲಿ ತುಂಬಿ ಕೊಟ್ಟರು. ನೋಡಲು ಬರೀ ನೀರು. ದಿನಕ್ಕೆರಡು ಸಲ ಗಾಯದ ತೂತಿನಲ್ಲಿ ಬಿಡಬೇಕು. ಮೊದಲ ಸಲ ಪ್ರಜ್ಞಾಳೇ ಬಿಟ್ಟಳು, ಆಮೇಲೆ ನಾನು. ಎಂಟನೆಯ ದಿನ ಬ್ಯಾಂಡೇಜು ಬಿಚ್ಚಿದಾಗ ಹಸಿರು ಕಲೆ ಇರಲಿಲ್ಲ.

"ಪ್ರಜ್ಞಾ, ನೋಡವಾ ಇಲ್ಲಿ," ಎಂದರು ಇವರು. ಅವಳಿಗೆ ಆ ಹೊತ್ತಿಗೆ ಯಾವ ಭಾಷೆಯೂ ನೆನಪಾಗಲಿಲ್ಲ. ಕಾಲಿನ ಹತ್ತಿರ ಮುಖ ಇಟ್ಟು ನೋಡುತ್ತ ಕೂತಳು.

ಮತ್ತೆ ದಹಿಸರ್

ಬಾಂದ್ರಾದ ಡಾಕ್ಟರು ಹೊಸ ರಿಪೋರ್ಟನ್ನು ಎರಡು ಸಲ ಓದಿದರು. ಒಳಗಿನ ಲೋಹದ ಪಟ್ಟಿ ಬದಲಿಸಬೇಕು, ಇನ್ನೂ ಕೆಲವು ತಿಂಗಳು ನೋಡಿಕೊಳ್ಳಬೇಕು, ನಿಚ್ಚಣಿಕೆ ಸದ್ಯ ಬೇಡವೇ ಬೇಡ. ಆದರೆ ಕಾಲು ತೆಗೆಯುವುದಿಲ್ಲ ಎಂದರು. ಆ ಮಾತನ್ನು ಇನ್ನೊಮ್ಮೆ ಹೇಳಿ ಎಂದು ಕೇಳಿದೆ. ಹೇಳಿದರು.

ಕಮಲಕ್ಕ ಒಂದು ವಾರ ನನ್ನ ಮುಖ ನೋಡಿ ಮಾತಾಡಲಿಲ್ಲ. ನಾನೇ ಹೋಗಿ ಬಚ್ಚಲಿನ ಕತೆ ಹೇಳಿದೆ, ಸೋಪು ಬ್ರಶ್ಶು ಎಲ್ಲ. ಕೇಳಿ, "ಹಂಗಾರ ನೀನೂ ನನ್ನಂಗ," ಎಂದು ಕಣ್ಣೊರೆಸಿಕೊಂಡು ನಕ್ಕರು.

ಮೊನ್ನೆ ಸೋಮವಾರ ಇವರು ಮೊದಲ ಸಲ ಎರಡೂ ಕಾಲು ಊರಿ ಅಂಗಡಿಗೆ ಹೊರಟರು, ಕೈಯಲ್ಲಿ ಒಂದೇ ಬಡಿಗೆ. ಬಾಗಿಲಲ್ಲಿ ಜೋಡು ಇಟ್ಟುಕೊಂಡು ನಿಂತರು. ಎಡಗಾಲಿನದು ಮದುವಣಿಗನದರಂತೆ ಹೊಳೆಯುತ್ತಿತ್ತು. ಬಲಗಾಲಿನದು ಕರ್ರಗೆ, ತಾಮರ್ ಬ್ಲೇಡು ಆಡಿಸಿದ ಕಡೆ ಮಾತ್ರ ಬೆರಳಗಲ ತೊಗಲು ಕಾಣುತ್ತಿತ್ತು.

"ಸುಧಾ, ಎರಡೂ ಬ್ಯಾರೆ ಬ್ಯಾರೆ ಜೋಡಿನಂಗ ಕಾಣತಾವ. ಮಂದಿ ನಗತಾರ. ಬಲಗಾಲಿಂದು ತೊಳದು ಕೊಡು."

ಜನ್ಮದಲ್ಲಿ ಒಂದು ಸಲ ತಾವಾಗಿಯೇ ಕೇಳಿದರು. ಬ್ರಶ್ ಅಲ್ಲೇ ಬಚ್ಚಲಿನ ಕಟ್ಟೆಯ ಮೇಲಿತ್ತು.

"ಇಲ್ರಿ," ಎಂದೆ. "ತೊಗಲು ಬಿರುಸಾಗತದ."